ತಣ್ಣೀರಿನ ರೋಗಾಣುಗಳು: ಸಾಕಿದ ಸಾಲ್ಮನ್ ಕುರಿತ ತಪ್ಪು ಕಲ್ಪನೆ ಮತ್ತು ವಾಸ್ತವ

1970ರಲ್ಲಿ ನಾರ್ವೆಯ ಹಿತ್ರಾ ದ್ವೀಪದ ಗ್ರೋಂಟ್‌ವೆಟ್ ಸಹೋದರರು ಸಾಲ್ಮನ್ ಮರಿಗಳನ್ನು ಸಮುದ್ರದಲ್ಲಿ ತೇಲುವ ಪಂಜರಕ್ಕೆ ಬಿಟ್ಟು ಸಾಕಿ ಗೆದ್ದರು. ಇಂದು ಆ ಒಂದೇ ದೇಶ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಹೆಚ್ಚು ಸಾಲ್ಮನ್ ಬೆಳೆಯುತ್ತದೆ. ಚಿಲಿ ಎರಡನೆಯ ಸ್ಥಾನದಲ್ಲಿದೆ, ಸ್ಕಾಟ್ಲೆಂಡ್ ಮತ್ತು ಕೆನಡಾ ಅದರ ಹಿಂದಿವೆ. ಬೆಂಗಳೂರಿನ ದೊಡ್ಡ ಅಂಗಡಿಗಳಿಗೂ ಈ ಮೀನು ಬಂದಿದೆ. ಜೊತೆಗೆ ಅದರ ರೋಗ, ಔಷಧಿ, ಲಸಿಕೆಗಳ ಬಗೆಗಿನ ಗಾಳಿಮಾತೂ ಬಂದಿದೆ. ಆ ಮಾತುಗಳಲ್ಲಿ ಕೆಲವನ್ನು ನಾವೂ ಬಹಳ ಕಾಲ ನಂಬಿದ್ದೆವು. ನಂಬಲು ಕಾರಣಗಳೂ ಇದ್ದವು. ಹಾಗಾಗಿ ತಳ್ಳಿಹಾಕದೆ ಒಂದೊಂದನ್ನೂ ಎದುರಿಗಿಟ್ಟು ನೋಡೋಣ.

ಒಂದು ಮಾತನ್ನು ಮೊದಲೇ ಹೇಳಬೇಕು. ಸಾಲ್ಮನ್‌ಗೆ ಬರುವ ಎಲ್ಲ ಕಾಯಿಲೆಯೂ ಬ್ಯಾಕ್ಟೀರಿಯಾದ್ದಲ್ಲ. 2007ರಲ್ಲಿ ಚಿಲಿಯ ಸಾಲ್ಮನ್ ಉದ್ಯಮವನ್ನು ನೆಲಕಚ್ಚಿಸಿದ ರಕ್ತಹೀನತೆಯ ಸೋಂಕು ವೈರಸ್ಸಿನದು. ಮೈಗಂಟಿ ಚರ್ಮ ತಿನ್ನುವ ಸಮುದ್ರ ಹೇನು ಪರಾವಲಂಬಿ. ಇಲ್ಲಿನ ಚರ್ಚೆ ಬ್ಯಾಕ್ಟೀರಿಯಾ ರೋಗಗಳದ್ದು, ಅವನ್ನು ಅಭ್ಯಸಿಸುವ ಕೆಲಸದ್ದು.

ತಪ್ಪು ಕಲ್ಪನೆ: ಈ ರೋಗಗಳೆಲ್ಲ ಸಾಕಣೆಯಿಂದ ಹುಟ್ಟಿದವು, ನದಿಯ ಕಾಡು ಸಾಲ್ಮನ್‌ಗೆ ರೋಗವೇ ಇರಲಿಲ್ಲ.

ವಾಸ್ತವ: ಪಂಜರ ಕೃಷಿ ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ, 1877ರ ಹೊತ್ತಿಗೆ, ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಸಾಲ್ವೆ ಕೊಲ್ಲಿಗೆ ಹರಿಯುವ ನದಿಗಳಲ್ಲಿ ಸಾಲ್ಮನ್‌ಗಳು ಮೈಮೇಲೆ ಬಿಳಿ ಬೂಷ್ಟು ಹೊತ್ತು ಸತ್ತವು. ಡಾರ್ವಿನ್‌ನ ಪರವಾಗಿ ವಾದಿಸಿ ಹೆಸರಾದ ಥಾಮಸ್ ಹೆನ್ರಿ ಹಕ್ಸ್‌ಲಿ ಕೆಲವು ವರ್ಷಗಳಲ್ಲಿ ಮೀನುಗಾರಿಕೆಯ ಸರ್ಕಾರಿ ಪರೀಕ್ಷಕನಾದ. 1882ರಲ್ಲಿ ಅವನು ಇದಕ್ಕೆ ಸಾಪ್ರೋಲೆಗ್ನಿಯಾ ಎಂಬ ಶಿಲೀಂಧ್ರ ಕಾರಣ ಎಂದ. 1903ರಲ್ಲಿ ಪ್ಯಾಟರ್‌ಸನ್ ಎಂಬ ವಿಜ್ಞಾನಿ, ಮೂಲ ಕಾರಣ ಒಂದು ಬ್ಯಾಕ್ಟೀರಿಯಾ, ಶಿಲೀಂಧ್ರ ಅದರ ಹಿಂದೆ ಬರುವುದು ಎಂದು ವಾದಿಸಿದ. ಮೈಮೇಲೆ ಕಾಣುವುದು ಕಾರಣವೋ ಪರಿಣಾಮವೋ ಎಂಬ ಜಗಳ ಮೀನಿನ ರೋಗವಿಜ್ಞಾನದಲ್ಲಿ ಅಷ್ಟು ಹಳೆಯದು.

ಫ್ಯುರಂಕ್ಯುಲೋಸಿಸ್ ಎಂಬ ಕುರುಗಳ ರೋಗವನ್ನು ತರುವ ಏರೋಮೋನಾಸ್ ಸಾಲ್ಮೊನಿಸಿಡಾವನ್ನು 1894ರಲ್ಲೇ ಎಮರಿಖ್ ಮತ್ತು ವೈಬೆಲ್ ಜರ್ಮನಿಯ ಒಂದು ಟ್ರೌಟ್ ಮರಿಕೇಂದ್ರದಲ್ಲಿ ಗುರುತಿಸಿದ್ದರು. ಮುಂದೆ ಅದು ಬ್ರಿಟನ್ನಿನ ನದಿಗಳಲ್ಲಿ ಎಷ್ಟು ಹಬ್ಬಿತೆಂದರೆ, ಸರ್ಕಾರ ಅದಕ್ಕಾಗಿಯೇ ಸಮಿತಿ ನೇಮಿಸಬೇಕಾಯಿತು. 1930ರ ದಶಕದಲ್ಲಿ ಆ ಸಮಿತಿ ಮೂರು ವರದಿಗಳನ್ನು ಕೊಟ್ಟಿತು.

ಹಾಗೆಂದು ಸಾಕಣೆಗೆ ಪೂರ್ತಿ ಖುಲಾಸೆ ಕೊಡಲಾಗದು. ಈಗಿನ ನಾರ್ವೆಯ ನಿಯಮದಂತೆ ಒಂದು ಪಂಜರದಲ್ಲಿ ಎರಡು ಲಕ್ಷ ಮೀನುಗಳಿರಬಹುದು. ಅಷ್ಟು ದೇಹಗಳು ಒಂದೇ ಕಡೆ ಸೇರಿದಾಗ, ನದಿಯಲ್ಲಿ ಒಂದೆರಡು ಮೀನು ಕೊಂದು ಅಡಗುತ್ತಿದ್ದ ಬ್ಯಾಕ್ಟೀರಿಯಾಕ್ಕೆ ಹಬ್ಬುವ ದಾರಿ ಸಲೀಸಾಗುತ್ತದೆ. 1985ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿದ ಮರಿಗಳ ಜೊತೆ ಫ್ಯುರಂಕ್ಯುಲೋಸಿಸ್ ನಾರ್ವೆಗೆ ಬಂತು. 1992ರ ಹೊತ್ತಿಗೆ ಐನೂರಕ್ಕೂ ಹೆಚ್ಚು ಸಾಕಣೆ ಕೇಂದ್ರಗಳನ್ನು ತಲುಪಿತು, ಹಲವು ನದಿಗಳ ಕಾಡು ಮೀನುಗಳಿಗೂ ತಾಗಿತು. ರೋಗಾಣುವನ್ನು ಹುಟ್ಟಿಸಿದ್ದು ಸಾಕಣೆಯಲ್ಲ. ಅದನ್ನು ಹೆಚ್ಚಿಸಿದ್ದು, ಊರೂರಿಗೆ ಸಾಗಿಸಿದ್ದು ಸಾಕಣೆಯೇ.

ತಪ್ಪು ಕಲ್ಪನೆ: ಹಿಮದಂಥ ತಣ್ಣೀರಿನಲ್ಲಿ, ಅದೂ ಉಪ್ಪುನೀರಿನಲ್ಲಿ, ಬ್ಯಾಕ್ಟೀರಿಯಾ ಬದುಕಲಾರದು.

ವಾಸ್ತವ: ಸೆಖೆಯಲ್ಲಿ ಅನ್ನ ಹಳಸುವುದನ್ನೂ ಉಪ್ಪು ಹಾಕಿದ ಮೀನು ಕೆಡದಿರುವುದನ್ನೂ ನೋಡುತ್ತ ಬೆಳೆದ ನಮಗೆ ಇದು ಸಹಜವಾಗಿ ನಂಬುವ ಮಾತು. ಆದರೆ ಸಾಲ್ಮನ್‌ನ ಶತ್ರುಗಳು ಬೇರೆಯೇ ಜಾತಿ. ಚಳಿಗಾಲದ ಹುಣ್ಣು ತರುವ ಮೊರಿಟೆಲ್ಲಾ ವಿಸ್ಕೋಸಾ ಹೆಚ್ಚಾಗಿ ತನ್ನ ಕೆಲಸ ಮಾಡುವುದೇ ನೀರು ಸುಮಾರು 8 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ. ಸಮುದ್ರದಿಂದ ಬಂದ ಇಂಥ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಅಗಾರ್ ತಟ್ಟೆಗೆ ಉಪ್ಪು ಬೆರೆಸಬೇಕು. ಉಪ್ಪಿಲ್ಲದಿದ್ದರೆ ಬೆಳೆಯುವುದಿಲ್ಲ. ಆಸ್ಪತ್ರೆಯ ಪ್ರಯೋಗಾಲಯದ 37 ಡಿಗ್ರಿಯ ಪೆಟ್ಟಿಗೆಯೂ ಇಲ್ಲಿ ಉಪಯೋಗಕ್ಕಿಲ್ಲ, ತಟ್ಟೆಗಳನ್ನು 15 ಡಿಗ್ರಿಯ ಆಸುಪಾಸಿನಲ್ಲಿ, ಕೆಲವನ್ನು ಇನ್ನೂ ತಣ್ಣಗೆ ಇಡುತ್ತಾರೆ. ಮನುಷ್ಯರ ರೋಗಾಣು ಹುಡುಕುವ ಕ್ರಮದಲ್ಲೇ ಇವನ್ನು ಹುಡುಕಿದರೆ ತಟ್ಟೆ ಖಾಲಿ ಉಳಿಯುತ್ತದೆ, ಸೋಂಕಿಲ್ಲ ಎಂಬ ಸುಳ್ಳು ತೀರ್ಮಾನ ಹೊರಬೀಳುತ್ತದೆ.

ತಪ್ಪು ಕಲ್ಪನೆ: ಕಾರಣ ತಿಳಿಯದೆ ಮೀನು ಸತ್ತರೆ ಅದು ಆಹಾರದ ದೋಷ.

ವಾಸ್ತವ: ಇದನ್ನು ನಂಬಿದವರು ಸಾಮಾನ್ಯರಷ್ಟೇ ಅಲ್ಲ, ವಿಜ್ಞಾನಿಗಳೂ ಇದ್ದರು. 1970ರ ದಶಕದ ಕೊನೆಗೆ ಹಿತ್ರಾ ದ್ವೀಪದ ಸುತ್ತ, ಗ್ರೋಂಟ್‌ವೆಟ್ ಸಹೋದರರ ಅದೇ ನೀರಿನಲ್ಲಿ, ಚಳಿಗಾಲದಲ್ಲಿ ಸಾಲ್ಮನ್‌ಗಳು ಒಳಗೊಳಗೆ ರಕ್ತ ಸೋರಿ ಸಾಯತೊಡಗಿದವು. ಊರಿನ ಹೆಸರೇ ರೋಗಕ್ಕೆ ಬಿತ್ತು, ಹಿತ್ರಾ ರೋಗ. ಆಹಾರದಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ಕೊರತೆಯಾಗಿದೆ ಎಂಬುದು ಒಂದು ಪಂಗಡದ ವಾದ. ಅದಕ್ಕೆ ಆಧಾರಗಳೂ ಇದ್ದವು. ಸೋಂಕು ಎಂಬುದು ಇನ್ನೊಂದು ಪಂಗಡದ ವಾದ. ವರ್ಷಗಟ್ಟಲೆ ಚರ್ಚೆ ನಡೆಯಿತು. 1986ರಲ್ಲಿ ಎಗಿಡಿಯಸ್ ಮತ್ತು ಸಂಗಡಿಗರು ಸತ್ತ ಮೀನುಗಳಿಂದ ತೆಗೆದ ಹೊಸ ಬ್ಯಾಕ್ಟೀರಿಯಾವನ್ನು ವಿವರಿಸಿ ವಿಬ್ರಿಯೋ ಸಾಲ್ಮೊನಿಸಿಡಾ ಎಂದು ಹೆಸರಿಟ್ಟರು. ಅದರ ಕುಲನಾಮ ಈಗ ಅಲಿವಿಬ್ರಿಯೋ ಎಂದಾಗಿದೆ. ಶುದ್ಧವಾಗಿ ಬೆಳೆಸಿದ ಅದನ್ನು ಆರೋಗ್ಯವಂತ ಮೀನಿಗೆ ಕೊಟ್ಟಾಗ ಅದೇ ರೋಗ ಬಂತು, ಆ ಮೀನಿನಿಂದ ಅದೇ ಬ್ಯಾಕ್ಟೀರಿಯಾ ಮತ್ತೆ ಸಿಕ್ಕಿತು. ಅದರ ವಿರುದ್ಧ ಮಾಡಿದ ಲಸಿಕೆ ರೋಗವನ್ನು ತಡೆದಾಗ ವಿಟಮಿನ್ ವಾದಕ್ಕೆ ಜಾಗ ಉಳಿಯಲಿಲ್ಲ.

ಇದಕ್ಕೆ ನೇರ ವಿರುದ್ಧವಾದ ಕಥೆ ನಮ್ಮ ದೇಶದಲ್ಲೇ ಇದೆ. 1988ರಲ್ಲಿ ಈಶಾನ್ಯ ಭಾರತದ ಕೆರೆ ಹೊಳೆಗಳಲ್ಲಿ ಕಾಣಿಸಿದ ಮೀನಿನ ಹುಣ್ಣು ರೋಗ ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಇಳಿಯಿತು. ಜನ ಮೀನು ತಿನ್ನಲು ಹೆದರಿದರು, ಮಾರುಕಟ್ಟೆ ಕುಸಿಯಿತು. ಹುಣ್ಣಿನಿಂದ ತೆಗೆದ ದ್ರವದಲ್ಲಿ ಏರೋಮೋನಾಸ್ ಬ್ಯಾಕ್ಟೀರಿಯಾ ಹೇರಳವಾಗಿ ಬೆಳೆಯುತ್ತಿದ್ದುದರಿಂದ ಅದೇ ಕಾರಣ ಎಂದುಕೊಂಡವರು ಬಹಳ. ನಿಜವಾದ ಕಾರಣ ಅಫನೋಮೈಸಿಸ್ ಇನ್ವೇಡನ್ಸ್ ಎಂಬ ಶಿಲೀಂಧ್ರದಂಥ ಜೀವಿ. ಬ್ಯಾಕ್ಟೀರಿಯಾ ತೆರೆದ ಗಾಯಕ್ಕೆ ಆಮೇಲೆ ಬಂದು ಸೇರಿಕೊಂಡದ್ದು. ಹಿತ್ರಾದಲ್ಲಿ ಬ್ಯಾಕ್ಟೀರಿಯಾವನ್ನು ಬಿಟ್ಟು ಬೇರೆಡೆ ನೋಡಿದ್ದು ತಪ್ಪಾದರೆ, ಇಲ್ಲಿ ಬ್ಯಾಕ್ಟೀರಿಯಾವನ್ನೇ ಹಿಡಿದುಕೊಂಡದ್ದು ತಪ್ಪು. ಸ್ಥಳದಲ್ಲಿ ಸಿಕ್ಕವರನ್ನೆಲ್ಲ ಅಪರಾಧಿ ಎನ್ನಲಾಗದು, ಸಿಗದವರನ್ನೆಲ್ಲ ನಿರಪರಾಧಿ ಎನ್ನಲೂ ಆಗದು.

ತಪ್ಪು ಕಲ್ಪನೆ: ಸತ್ತ ಮೀನನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಮರುದಿನ ರೋಗಾಣುವಿನ ಹೆಸರು ಬರುತ್ತದೆ.

ವಾಸ್ತವ: ಸತ್ತು ತೇಲುವ ಮೀನು ಈ ಕೆಲಸಕ್ಕೆ ಬಹುಪಾಲು ನಿರುಪಯೋಗಿ. ಸತ್ತ ಕೆಲವೇ ಗಂಟೆಗಳಲ್ಲಿ ಕರುಳಿನ ಮತ್ತು ನೀರಿನ ಬ್ಯಾಕ್ಟೀರಿಯಾ ಇಡೀ ದೇಹವನ್ನು ಆಕ್ರಮಿಸುತ್ತದೆ. ಬೇಕಾದದ್ದು ಇನ್ನೂ ಜೀವ ಹಿಡಿದುಕೊಂಡು ಪಂಜರದ ಅಂಚಿನಲ್ಲಿ ಸೋತು ಈಜುವ ಮೀನು. ಅದನ್ನು ಅರಿವಳಿಕೆ ಕೊಟ್ಟು ಕೊಂದು, ಮೇಲ್ಮೈ ಶುಚಿಮಾಡಿ, ತಲೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಅಂಟಿರುವ ಮೂತ್ರಪಿಂಡದ ಮುಂಭಾಗದಿಂದ ಮಾದರಿ ತೆಗೆಯುತ್ತಾರೆ. ರಕ್ತಕಣಗಳು ಹುಟ್ಟುವ, ರಕ್ತ ಸೋಸುವ ಜಾಗ ಅದು. ರಕ್ತಕ್ಕೆ ಇಳಿದ ರೋಗಾಣು ಅಲ್ಲಿ ಸಿಗುತ್ತದೆ.

ಸಿಕ್ಕರೂ ಬೆಳೆಯಬೇಕಲ್ಲ. ಮೂತ್ರಪಿಂಡದ ರೋಗ ತರುವ ರೆನಿಬ್ಯಾಕ್ಟೀರಿಯಂ ಸಾಲ್ಮೊನಿನಾರಂ ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು. ಅದಕ್ಕೆ ಸಿಸ್ಟೀನ್ ಎಂಬ ಅಮೈನೊ ಆಮ್ಲ ಬೆರೆಸಿದ ವಿಶೇಷ ಮಾಧ್ಯಮವೇ ಆಗಬೇಕು. ಅಷ್ಟರೊಳಗೆ ಬೇರೆ ಬ್ಯಾಕ್ಟೀರಿಯಾ ತಟ್ಟೆ ತುಂಬಿರುತ್ತದೆ.

ಚಿಲಿಯ ಅನುಭವ ಇನ್ನೂ ಕಠಿಣ. 1989ರಲ್ಲಿ ದಕ್ಷಿಣ ಚಿಲಿಯ ಪಂಜರಗಳಲ್ಲಿ ಕೋಹೋ ಸಾಲ್ಮನ್‌ಗಳು ರಾಶಿರಾಶಿಯಾಗಿ ಸತ್ತಾಗ ಯಾವ ಅಗಾರ್ ತಟ್ಟೆಯಲ್ಲೂ ಏನೂ ಬೆಳೆಯಲಿಲ್ಲ. ಕಾರಣ, ಆ ಬ್ಯಾಕ್ಟೀರಿಯಾ ಮೀನಿನ ಜೀವಕೋಶದ ಒಳಗೆ ಬದುಕುವಂಥದ್ದು. ಅದನ್ನು ಬೆಳೆಸಲು ಜೀವಂತ ಮೀನುಕೋಶಗಳು ಬೇಕು. ಕೋಶಗಳನ್ನು ಬೆಳೆಸುವವರು ಕಲ್ಮಶ ತಡೆಯಲು ದ್ರವಕ್ಕೆ ಆಂಟಿಬಯಾಟಿಕ್ ಬೆರೆಸುವುದು ವಾಡಿಕೆ, ಆ ವಾಡಿಕೆಯೇ ಹುಡುಕುತ್ತಿದ್ದ ರೋಗಾಣುವನ್ನು ಕೊಲ್ಲುತ್ತಿತ್ತು. ಆಂಟಿಬಯಾಟಿಕ್ ಬಿಟ್ಟು ಬೆಳೆಸಿದ ಮೇಲೆ ಅದು ಕೈಗೆ ಸಿಕ್ಕಿತು. 1992ರಲ್ಲಿ ಫ್ರೈಯರ್ ಮತ್ತು ಸಂಗಡಿಗರು ಅದಕ್ಕೆ ಪಿಸಿರಿಕೆಟ್ಸಿಯಾ ಸಾಲ್ಮೊನಿಸ್ ಎಂದು ಹೆಸರಿಟ್ಟರು. ಜೀವಕೋಶಗಳ ನೆರವಿಲ್ಲದೆ ಅದನ್ನು ಬೆಳೆಸುವ ಮಾಧ್ಯಮ ಬಂದದ್ದು 2008ರ ಸುಮಾರಿಗೆ. ಈಗ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ರೋಗಾಣುವಿನ ಡಿಎನ್‌ಎ ತೋರಿಸುತ್ತದೆ, ನಿಜ. ಆದರೆ ಡಿಎನ್‌ಎ ಇತ್ತು ಎಂಬುದಷ್ಟೇ ಅದರ ಸಾಕ್ಷ್ಯ. ಅದೇ ಕೊಂದಿತು ಎನ್ನಲು ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ತಪ್ಪು ಕಲ್ಪನೆ: ಚುರುಕಾಗಿ ಈಜುವ, ಮೈಹೊಳೆಯುವ ಮೀನಿನಲ್ಲಿ ಸೋಂಕಿರುವುದಿಲ್ಲ.

ವಾಸ್ತವ: ಇರಬಹುದು. ಫ್ಯುರಂಕ್ಯುಲೋಸಿಸ್‌ನ ಗುಪ್ತವಾಹಕ ಮೀನುಗಳಲ್ಲಿ ಯಾವ ಲಕ್ಷಣವೂ ಕಾಣದು, ಮಾದರಿ ತೆಗೆದರೂ ಹಲವೊಮ್ಮೆ ಏನೂ ಸಿಗದು. ಅವನ್ನು ಬಯಲಿಗೆಳೆಯಲು ಸಂಶೋಧಕರು ಒಂದು ಉಪಾಯ ಮಾಡಿದರು. ಮೀನಿಗೆ ರೋಗನಿರೋಧ ಶಕ್ತಿ ಕುಗ್ಗಿಸುವ ಸ್ಟೀರಾಯ್ಡ್ ಚುಚ್ಚಿ, ನೀರನ್ನು 18 ಡಿಗ್ರಿಗೆ ಏರಿಸಿ ಕಾಯುವುದು. ಒಳಗಿದ್ದ ಬ್ಯಾಕ್ಟೀರಿಯಾ ಆಗ ಹೊರಬರುತ್ತದೆ. ಸಾಗಾಟ, ಕಿಕ್ಕಿರಿದ ತೊಟ್ಟಿ, ಬೇಸಿಗೆಯ ಬಿಸಿ ಇವೆಲ್ಲ ಸಾಕಣೆಯಲ್ಲಿ ಮಾಡುವುದೂ ಇದನ್ನೇ.

ರೆನಿಬ್ಯಾಕ್ಟೀರಿಯಂ ಇನ್ನೂ ಒಳಗೆ ಹೋಗಿ ಮೊಟ್ಟೆಯೊಳಗೇ ಸೇರಿಕೊಳ್ಳುತ್ತದೆ, ತಾಯಿಯಿಂದ ಮರಿಗೆ ದಾಟುತ್ತದೆ. ಮೊಟ್ಟೆಯನ್ನು ಅಯೋಡಿನ್ ದ್ರಾವಣದಲ್ಲಿ ತೊಳೆಯುವುದು ಮೇಲ್ಮೈಗೆ ಸರಿ, ಒಳಗಿನದಕ್ಕೆ ತಾಗದು. ಆದ್ದರಿಂದ ತಾಯಿಮೀನುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸೋಂಕಿದ್ದವುಗಳ ಮೊಟ್ಟೆಯನ್ನು ಬಿಸಾಡುವುದೇ ದಾರಿ.

ತಪ್ಪು ಕಲ್ಪನೆ: ಮೀನಿಗೆ ರೋಗನಿರೋಧ ಶಕ್ತಿ ಇಲ್ಲ, ಲಸಿಕೆ ಹಾಕುವುದು ಬರೀ ವ್ಯಾಪಾರ, ಆ ಲಸಿಕೆ ತಿಂದವರ ಮೈಗೂ ಸೇರುತ್ತದೆ.

ವಾಸ್ತವ: ಮೂರೂ ತಪ್ಪು. ಮೀನು ನಮ್ಮಂತೆಯೇ ಪ್ರತಿಕಾಯಗಳನ್ನು ತಯಾರಿಸುತ್ತದೆ, ಒಮ್ಮೆ ಕಂಡ ಶತ್ರುವನ್ನು ನೆನಪಿಡುತ್ತದೆ. ಒಂದು ವ್ಯತ್ಯಾಸವಿದೆ. ಮೀನಿನ ಮೈಬಿಸಿ ನೀರಿನದೇ ಆದ್ದರಿಂದ ಲಸಿಕೆ ಫಲಿಸುವ ಕಾಲವನ್ನು ದಿನಗಳಲ್ಲಿ ಎಣಿಸದೆ ಡಿಗ್ರಿ–ದಿನಗಳಲ್ಲಿ ಎಣಿಸುತ್ತಾರೆ. ಸಾಮಾನ್ಯವಾಗಿ ಸುಮಾರು 500 ಬೇಕು. ನೀರು 10 ಡಿಗ್ರಿ ಇದ್ದರೆ 50 ದಿನ, 5 ಡಿಗ್ರಿ ಇದ್ದರೆ 100 ದಿನ. ಇದನ್ನು ಲೆಕ್ಕಿಸದೆ ಮರಿಗಳನ್ನು ಬೇಗ ಸಮುದ್ರಕ್ಕೆ ಬಿಟ್ಟರೆ, ಲಸಿಕೆ ಸೋತಂತೆ ಕಾಣುತ್ತದೆ.

ಸಮುದ್ರಕ್ಕೆ ಬಿಡುವ ಮೊದಲು ಪ್ರತಿ ಮರಿಗೂ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ 0.05ರಿಂದ 0.1 ಮಿಲಿಲೀಟರ್ ಚುಚ್ಚುತ್ತಾರೆ, ಕೈಯಿಂದ ಅಥವಾ ಯಂತ್ರದಿಂದ. ಅದರಲ್ಲಿರುವುದು ಕೊಂದ ಬ್ಯಾಕ್ಟೀರಿಯಾ ಮತ್ತು ಎಣ್ಣೆ. ಹಲವು ರೋಗಗಳಿಗೆ ಸೇರಿ ಒಂದೇ ಚುಚ್ಚು. ನೂರು ಗ್ರಾಂ ಆಸುಪಾಸಿನ ಆ ಮರಿ ಮಾರುಕಟ್ಟೆಗೆ ಬರುವಾಗ ನಾಲ್ಕೈದು ಕಿಲೋ ಆಗಿರುತ್ತದೆ. ಸತ್ತ ಬ್ಯಾಕ್ಟೀರಿಯಾದ ಚೂರು ತಿಂದವರಿಗೆ ರೋಗ ತರಲಾರದು.

ಲಸಿಕೆಯ ತೊಂದರೆ ಮೀನಿಗೇ. ಎಣ್ಣೆಯಿಂದಾಗಿ ಹೊಟ್ಟೆಯೊಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೆಳವಣಿಗೆ ಕುಗ್ಗುತ್ತದೆ. ಅದನ್ನು ಮುಚ್ಚಿಡದೆ 0ಯಿಂದ 6ರವರೆಗೆ ಅಂಕ ಕೊಟ್ಟು ಅಳೆಯುವ ಸ್ಪೈಲ್‌ಬರ್ಗ್ ಮಾಪಕವನ್ನು ಸಂಶೋಧಕರೇ ರೂಪಿಸಿದರು. ಈ ಪ್ರಾಮಾಣಿಕತೆ ನಮಗೆ ದೊಡ್ಡದಾಗಿ ಕಾಣುತ್ತದೆ. ಅಳೆದದ್ದರಿಂದಲೇ ಎಣ್ಣೆಯ ಪ್ರಮಾಣ ಇಳಿಯಿತು.

ತಪ್ಪು ಕಲ್ಪನೆ: ತೊಟ್ಟಿಯಲ್ಲಿ ಮೀನಿಗೆ ರೋಗಾಣು ಚುಚ್ಚಿ ನೋಡಿದರೆ ಸಮುದ್ರದಲ್ಲಿ ಆಗುವುದೇ ತಿಳಿಯುತ್ತದೆ.

ವಾಸ್ತವ: ಚುಚ್ಚಿದಾಗ ಲೋಳೆ, ಚರ್ಮ, ಕಿವಿರು ಎಂಬ ಮೊದಲ ಕೋಟೆಗಳನ್ನೇ ದಾಟಿಸಿಬಿಟ್ಟಂತೆ. ಅದಕ್ಕೇ ಸೋಂಕಿತ ಮೀನುಗಳನ್ನು ಆರೋಗ್ಯವಂತ ಮೀನುಗಳ ಜೊತೆ ಒಂದೇ ತೊಟ್ಟಿಯಲ್ಲಿ ಬಿಟ್ಟು, ರೋಗ ನೀರಿನ ಮೂಲಕ ತಾನಾಗಿ ದಾಟಲು ಬಿಡುವ ಸಹವಾಸ ಪ್ರಯೋಗಕ್ಕೆ ಹೆಚ್ಚು ಬೆಲೆ. ಮೀನಿಗೂ ನೋವಿದೆ ಎಂಬ ಎಚ್ಚರದಿಂದ, ಸಾಯುವವರೆಗೆ ಕಾಯದೆ ನಿಗದಿತ ಲಕ್ಷಣ ಕಂಡೊಡನೆ ಅದನ್ನು ನೋವಿಲ್ಲದೆ ಕೊನೆಗಾಣಿಸುವ ಕ್ರಮವೂ ಬೆಳೆಯುತ್ತಿದೆ.

ತಪ್ಪು ಕಲ್ಪನೆ: ಸಾಕಿದ ಸಾಲ್ಮನ್ ಎಂದರೆ ಆಂಟಿಬಯಾಟಿಕ್ ತುಂಬಿದ ಮೀನು.

ವಾಸ್ತವ: ಯಾವ ದೇಶದ್ದು, ಯಾವ ಕಾಲದ್ದು ಎಂದು ಕೇಳದೆ ಉತ್ತರ ಹೇಳಲಾಗದು. 1987ರಲ್ಲಿ ನಾರ್ವೆ ಸುಮಾರು 50 ಸಾವಿರ ಟನ್ ಮೀನಿಗೆ 50 ಟನ್ ಹತ್ತಿರ ಆಂಟಿಬಯಾಟಿಕ್ ಸುರಿಯಿತು. ಒಂದು ಟನ್ ಮೀನಿಗೆ ಒಂದು ಕಿಲೋ ಲೆಕ್ಕ. ಅಂದಿನ ಭಯ ನ್ಯಾಯವಾದದ್ದೇ. ಹಿತ್ರಾ ರೋಗದ ಲಸಿಕೆ ಬಂತು. 1990ರ ದಶಕದ ಆರಂಭದಲ್ಲಿ ಫ್ಯುರಂಕ್ಯುಲೋಸಿಸ್‌ಗೆ ಎಣ್ಣೆಯುಕ್ತ ಲಸಿಕೆ ಬಂತು. ಒಂದು ಪೀಳಿಗೆಯ ಮೀನು ಖಾಲಿಯಾದ ಮೇಲೆ ಆ ಜಾಗವನ್ನು ಕೆಲಕಾಲ ಪಾಳು ಬಿಡುವ ಕ್ರಮ ಬಂತು. ಈಗ ಹತ್ತು ಲಕ್ಷ ಟನ್ ಮೀರಿದ ಉತ್ಪಾದನೆಗೆ ವರ್ಷಕ್ಕೆ ಒಂದು ಟನ್ನೂ ಆಂಟಿಬಯಾಟಿಕ್ ಬೇಕಾಗುತ್ತಿಲ್ಲ.

ಚಿಲಿಯ ಚಿತ್ರ ಬೇರೆ. 2014ರಲ್ಲಿ ಅಲ್ಲಿ ಬಳಸಿದ ಆಂಟಿಬಯಾಟಿಕ್ 500 ಟನ್‌ಗೂ ಹೆಚ್ಚು, ಬಹುಪಾಲು ಫ್ಲೋರ್‌ಫೆನಿಕಾಲ್. ಆಮೇಲೆ ಇಳಿದಿದೆ, ಆದರೂ ನೂರಾರು ಟನ್‌ಗಳಲ್ಲೇ ಇದೆ. ಇದನ್ನು ಚಿಲಿಯವರ ಉಡಾಫೆ ಎಂದು ತೀರ್ಮಾನಿಸುವುದು ಅನ್ಯಾಯ. ಪಿಸಿರಿಕೆಟ್ಸಿಯಾ ಅಡಗುವುದು ರೋಗಾಣುಗಳನ್ನು ನುಂಗಬೇಕಾದ ರಕ್ಷಕ ಕೋಶಗಳ ಒಳಗೇ. ಲಸಿಕೆ ಹುಟ್ಟಿಸುವ ಪ್ರತಿಕಾಯ ಅಲ್ಲಿಗೆ ತಲುಪದು. ಹಲವು ಲಸಿಕೆಗಳಿಗೆ ಪರವಾನಗಿ ಸಿಕ್ಕಿದ್ದರೂ ನಾರ್ವೆಯಲ್ಲಿ ಕಂಡಂಥ ರಕ್ಷಣೆ ಸಿಕ್ಕಿಲ್ಲ. ಔಷಧಿಯನ್ನು ಆಹಾರದಲ್ಲಿ ಬೆರೆಸಿ ಕೊಡುತ್ತಾರೆ, ಆದರೆ ನಿಜಕ್ಕೂ ಕಾಯಿಲೆ ಬಿದ್ದ ಮೀನು ತಿನ್ನುವುದನ್ನೇ ಬಿಟ್ಟಿರುತ್ತದೆ. ತಿನ್ನದೆ ಉಳಿದದ್ದು, ಮಲದಲ್ಲಿ ಹೋದದ್ದು ಸಮುದ್ರತಳ ಸೇರಿ, ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಔಷಧ ನಿರೋಧ ಬೆಳೆಯಲು ಎಡೆಮಾಡುತ್ತದೆ. ಕೊಯ್ಲಿಗೆ ಮೊದಲು ಔಷಧಿ ನಿಲ್ಲಿಸಿ ಕಾಯುವ ಅವಧಿ ಕಡ್ಡಾಯವಾದ್ದರಿಂದ ತಟ್ಟೆಯ ಮೀನಿನ ಶೇಷಾಂಶಕ್ಕಿಂತ ಕಡಲತಳದ ಈ ನಿರೋಧವೇ ದೊಡ್ಡ ಅಪಾಯ ಎಂಬುದು ನಮ್ಮ ಅಭಿಪ್ರಾಯ.

ತಪ್ಪು ಕಲ್ಪನೆ: ರೋಗ ಬಂದ ಸಾಲ್ಮನ್ ತಿಂದರೆ ಅದೇ ರೋಗ ನಮಗೆ.

ವಾಸ್ತವ: ಮೇಲೆ ಹೆಸರಿಸಿದ ಸಾಲ್ಮನ್ ರೋಗಾಣುಗಳು ತಣ್ಣೀರಿಗೆ ಒಗ್ಗಿದವು, ನಮ್ಮ ದೇಹದ ಬಿಸಿ ಅವಕ್ಕೆ ಒಗ್ಗದು. ಎಚ್ಚರ ಬೇಕಾದದ್ದು ಬೇರೆಡೆ. ಬೇಯಿಸದೆ ತಿನ್ನುವ ಹೊಗೆಯಾಡಿಸಿದ ಸಾಲ್ಮನ್‌ನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರುವುದುಂಟು. ಅದು ಹೆಚ್ಚಾಗಿ ಸಂಸ್ಕರಣಾ ಘಟಕದಲ್ಲಿ ಅಂಟುವಂಥದ್ದು, ಗರ್ಭಿಣಿಯರಿಗೂ ವಯಸ್ಸಾದವರಿಗೂ ಅಪಾಯಕಾರಿ.

ತಪ್ಪು ಕಲ್ಪನೆ: ಲಸಿಕೆ ಬಂದ ಮೇಲೆ ಅಧ್ಯಯನಕ್ಕೆ ಉಳಿದದ್ದೇನೂ ಇಲ್ಲ.

ವಾಸ್ತವ: ನಾರ್ವೆಯ ಪಶುವೈದ್ಯಕೀಯ ಸಂಸ್ಥೆ ಪ್ರತಿ ವರ್ಷ ಮೀನಿನ ಆರೋಗ್ಯ ವರದಿ ಪ್ರಕಟಿಸುತ್ತದೆ. ಚಳಿಗಾಲದ ಹುಣ್ಣು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಲಸಿಕೆ ಹಾಕಿದ ಮೀನುಗಳಲ್ಲೂ ಬರುತ್ತದೆ, ಏಕೆಂದರೆ ಮೊರಿಟೆಲ್ಲಾದಲ್ಲಿ ಬೇರೆ ಬೇರೆ ತಳಿಗಳಿವೆ. 2018ರಿಂದ ಪಾಸ್ಟುರೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಪಶ್ಚಿಮ ನಾರ್ವೆಯಲ್ಲಿ ಕಾಡುತ್ತಿದೆ. ಸಮುದ್ರ ಹೇನು ಬಿಡಿಸಲು ಮೀನನ್ನು ಬಿಸಿನೀರಿನಲ್ಲಿ ಹಾಯಿಸುತ್ತಾರೆ, ಬ್ರಷ್‌ನಿಂದ ಉಜ್ಜುತ್ತಾರೆ, ಆಗ ಕಿತ್ತ ಚರ್ಮದ ಮೂಲಕ ಬ್ಯಾಕ್ಟೀರಿಯಾ ಒಳಹೊಗುತ್ತದೆ. ಒಂದು ಪರಾವಲಂಬಿಗೆ ಮಾಡಿದ ಚಿಕಿತ್ಸೆ ಮತ್ತೊಂದು ಸೋಂಕಿಗೆ ಬಾಗಿಲು ತೆರೆದ ಈ ಸ್ಥಿತಿ ಲಸಿಕೆಯೊಂದರಿಂದ ಸರಿಹೋಗದು.

ತಪ್ಪು ಕಲ್ಪನೆ: ಪಂಜರದ ಮೀನು ಒಮ್ಮೆಲೇ ಸತ್ತರೆ ಯಾರದೋ ದೃಷ್ಟಿ ತಾಗಿದೆ, ಇಲ್ಲವೇ ಯಾರೋ ವಿಷ ಹಾಕಿದ್ದಾರೆ.

ವಾಸ್ತವ: ಕರ್ನಾಟಕದಲ್ಲಿ ಸಾಲ್ಮನ್ ಸಾಕಣೆ ಇಲ್ಲ. ಆದರೆ ಉಡುಪಿ, ಉತ್ತರ ಕನ್ನಡದ ಅಳಿವೆಗಳಲ್ಲಿ ಪಂಜರದಲ್ಲಿ ಸೀಬಾಸ್ ಸಾಕುವವರಿದ್ದಾರೆ. ಸಾಲ ಮಾಡಿ ಬೆಳೆಸಿದ್ದು ಕಣ್ಣೆದುರೇ ಮಗುಚಿ ತೇಲಿದಾಗ ಹೀಗೆ ಅನಿಸುವುದು ಸಹಜ. ಸಾವಿನ ಕ್ರಮವನ್ನು ಗಮನಿಸಿದರೆ ಕಾರಣದ ಸುಳಿವು ಸಿಗುತ್ತದೆ. ವಿಷ ಬಿದ್ದರೆ ದೊಡ್ಡದು ಚಿಕ್ಕದು ಎನ್ನದೆ, ಪಂಜರದ ಹೊರಗಿನ ಮೀನು, ಸಿಗಡಿ ಸಹಿತ, ಗಂಟೆಗಳಲ್ಲಿ ಸಾಯುತ್ತವೆ. ಆಮ್ಲಜನಕ ಕಡಿಮೆಯಾದರೆ ಸಾವು ಹೆಚ್ಚಾಗಿ ಬೆಳಗಿನ ಜಾವ, ಮೀನುಗಳು ಮೊದಲು ಮೇಲೆ ಬಂದು ಬಾಯಿ ತೆರೆಯುತ್ತವೆ. ಬ್ಯಾಕ್ಟೀರಿಯಾ ಸೋಂಕಾದರೆ ಮೊದಲು ಮೇವು ಬಿಡುತ್ತವೆ, ಒಂದೆರಡು ಸಾಯುತ್ತವೆ, ನಂತರ ದಿನದಿಂದ ದಿನಕ್ಕೆ ಸಂಖ್ಯೆ ಏರುತ್ತದೆ. ಮೊದಲ ಒಂದೆರಡನ್ನು ಲೆಕ್ಕಕ್ಕಿಡದಿದ್ದರೆ ಮಾತ್ರ ಎಲ್ಲ ಒಮ್ಮೆಲೇ ಸತ್ತಂತೆ ಕಾಣುತ್ತದೆ.

ಆದ್ದರಿಂದ ಪಂಜರ ಇಟ್ಟಿರುವವರಲ್ಲಿ ಒಂದು ಕೋರಿಕೆ. ದಿನವೂ ಸತ್ತ ಮೀನಿನ ಲೆಕ್ಕ ಮತ್ತು ನೀರಿನ ಬಿಸಿ ಬರೆದಿಡಿ. ಯಾರೋ ಹೇಳಿದ ಆಂಟಿಬಯಾಟಿಕ್ ಪುಡಿಯನ್ನು ಮೇವಿಗೆ ಬೆರೆಸುವ ಮುನ್ನ, ಸಾಯುವ ಸ್ಥಿತಿಯಲ್ಲಿರುವ ಮೂರು ನಾಲ್ಕು ಮೀನುಗಳನ್ನು ಹಿಡಿದು, ಹೆಪ್ಪುಗಟ್ಟಿಸದೆ, ಐಸ್ ಮೇಲಿಟ್ಟು ಅದೇ ದಿನ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೋ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗೋ ತಲುಪಿಸಿ. ಕೇಂದ್ರ ಸರ್ಕಾರ 2023ರಲ್ಲಿ ಹೊರತಂದ ರಿಪೋರ್ಟ್ ಫಿಶ್ ಡಿಸೀಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪಂಜರದ ಬಳಿಯಿಂದಲೇ ರೋಗದ ವಿವರ ಕಳುಹಿಸಿ ತಜ್ಞರ ಸಲಹೆ ಕೇಳಬಹುದು.